ಕೆಲಸಕ್ಕಾಗಿ ಅಲೆದದ್ದು ‘ವಾಂಡರ್’ ಅಲ್ಲ

ನಿಘಂಟು ತೆರೆದರೆ ವಾಂಡರ್ ಎಂದರೆ ಅಲೆ, ಅಲೆದಾಡು ಎಂದಿರುತ್ತದೆ. ಅದನ್ನೇ ನಂಬಿ ‘ಕೆಲಸಕ್ಕಾಗಿ ಅಲೆದೆ’ ಅನ್ನುವುದನ್ನು ‘ಐ ವಾಂಡರ್ಡ್ ಫಾರ್ ಎ ಜಾಬ್’ ಎಂದು ಬರೆಯುವವರಿದ್ದಾರೆ. ಅಲ್ಲೇ ಅರ್ಥ ಕೆಡುವುದು. ನಮ್ಮ ಅಲೆದಾಟಕ್ಕೆ ಗುರಿ ಇರಬಹುದು, ಕಾಲು ಸವೆಸಿದ ಬೇಸರವೂ ಇರಬಹುದು. ಸಾಲಕ್ಕೆ ಅಲೆಯುತ್ತೇವೆ, ಒಂದು ಸಹಿಗೂ ಅಲೆಯುತ್ತೇವೆ. ವಾಂಡರ್‌ನಲ್ಲಿ ಇಂಥ ಕೆಲಸ ಆಗಲೇಬೇಕು ಎಂಬ ಹಟವಿಲ್ಲ, ಅವಸರವೂ ಇಲ್ಲ. ಕಾಲು ಹೋದತ್ತ ಹೋಗುವುದಷ್ಟೇ. ಕೆಲಸಕ್ಕಾಗಿ ಅಲೆದಿದ್ದರೆ ‘ಐ ವೆಂಟ್ ಫ್ರಮ್ ಆಫೀಸ್ ಟು ಆಫೀಸ್ ಲುಕಿಂಗ್ ಫಾರ್ ಎ ಜಾಬ್’ ಎಂದು ಬಿಡಿಸಿಯೇ ಹೇಳಬೇಕು. (ಅಂದಹಾಗೆ ಈ ‘ವೆಂಟ್’ ಕೂಡ ವಾಂಡರ್‌ಗೆ ನೆಂಟನೇ. ಮೂಲದಲ್ಲಿ ಅದು ‘ವೆಂಡ್’ ಎಂಬ ಹಳೆಯ ಕ್ರಿಯಾಪದದ ಭೂತಕಾಲ. ಆಮೇಲೆ ‘ಗೋ’ ಅದನ್ನು ತನ್ನದು ಮಾಡಿಕೊಂಡಿತು.)

ಬೀದಿಗಳಲ್ಲಿ ಸುತ್ತಾಡಿದೆ ಅನ್ನಲು ‘ವಾಂಡರ್ಡ್ ದ ಸ್ಟ್ರೀಟ್ಸ್’ ಸಾಕು, ‘ಇನ್’ ಬೇಕೇಬೇಕೆಂದಿಲ್ಲ. ಆದರೆ ‘ಆಫ್’ ಸೇರಿದಾಗ ಎಚ್ಚರ ಬೇಕು. ‘ದ ಚೈಲ್ಡ್ ವಾಂಡರ್ಡ್ ಆಫ್’ ಎಂದರೆ ಮಗು ಓಡಿಹೋಯಿತು ಎಂದಲ್ಲ. ಜೊತೆಗಿದ್ದವರು ಆಚೀಚೆ ನೋಡುವಷ್ಟರಲ್ಲಿ, ತಪ್ಪಿಸಿಕೊಳ್ಳುವ ಯೋಚನೆಯೇ ಇಲ್ಲದೆ, ಎತ್ತಲೋ ನಡೆದುಬಿಟ್ಟಿತು ಎಂದು. ಮರೆವಿನ ಕಾಯಿಲೆ ಇರುವ ಹಿರಿಯರು ಗೊತ್ತಿಲ್ಲದೆ ಮನೆಯಿಂದ ಹೊರಟುಬಿಡುವುದನ್ನು ವೈದ್ಯರು ವಾಂಡರಿಂಗ್ ಅನ್ನುವುದೂ ಇದಕ್ಕೇ. ಅವರನ್ನು ‘ರನ್ ಅವೇ’ ಎಂದು ಬರೆದರೆ ಇಲ್ಲದ ಉದ್ದೇಶವನ್ನು ಅವರ ತಲೆಗೆ ಕಟ್ಟಿದಂತೆ.

ಪಾಠದ ನಡುವೆ ಗಮನ ಬೇರೆಡೆ ಹೋದರೆ ‘ಮೈ ಮೈಂಡ್ ವಾಂಡರ್ಡ್’.

ಇಮೇಲ್‌ನಲ್ಲಿ ಮತ್ತೊಂದು ಎಡವಟ್ಟು ಕಾಣುತ್ತದೆ: ‘ಐ ವಾಸ್ ವಾಂಡರಿಂಗ್ ಇಫ್ ಯು ಕುಡ್ ಹೆಲ್ಪ್’. ಸಹಾಯ ಮಾಡಬಹುದೇ ಎಂದು ವಿನಯದಿಂದ ಕೇಳಲು ಬೇಕಾದದ್ದು ವಂಡರಿಂಗ್. ಕಾಗುಣಿತ ಉಚ್ಚಾರಣೆಗೆ ಉಲ್ಟಾ ಇರುವುದರಿಂದ ಈ ಗೊಂದಲ. ‘ಎ’ ಅಕ್ಷರ ಇರುವ ವಾಂಡರ್‌ಗೆ ವಾಚ್, ವಾಂಟ್‌ಗಳಂತೆ ತುಟಿ ದುಂಡಗಾಗಬೇಕು. ‘ಓ’ ಅಕ್ಷರ ಇರುವ ವಂಡರ್‌ನಲ್ಲಿ ಮಗ ಎಂಬರ್ಥದ ‘ಸನ್’ನ ಸ್ವರ ಬರುತ್ತದೆ. ಎರಡೂ ಪದಗಳನ್ನು ಒಂದೇ ಥರ ಉಚ್ಚರಿಸುವ ಅಭ್ಯಾಸ ಮೊದಲು ಬಿಡಬೇಕು, ಆಗ ಬರವಣಿಗೆಯೂ ಸರಿಹೋಗುತ್ತದೆ.

ಇನ್ನು ಅಲೆದಾಟಕ್ಕೇ ಇಂಗ್ಲಿಷಿನಲ್ಲಿರುವ ಮತ್ತೊಂದು ಪದ ‘ರೋಮ್’ (roam). ಇದಕ್ಕೆ ವಿಶಾಲವಾದ ಜಾಗ ಬೇಕು, ತಡೆ ಇರಬಾರದು. ಕಾಡಿನಲ್ಲಿ ಪ್ರಾಣಿಗಳು ರೋಮ್ ಮಾಡುತ್ತವೆ. ನಮ್ಮ ಫೋನು ತನ್ನ ಕಂಪನಿಯ ನೆಟ್‌ವರ್ಕ್ ದಾಟಿ ಬೇರೆಯವರದ್ದನ್ನು ಬಳಸಿದರೆ ಅದು ರೋಮಿಂಗ್. ಗೆಳೆಯರ ಜೊತೆ ಸಂಜೆ ಕಳೆದದ್ದನ್ನು ‘ರೋಮಿಂಗ್ ವಿತ್ ಫ್ರೆಂಡ್ಸ್’ ಎಂದು ಬರೆದರೆ ಹೊರಗಿನ ಓದುಗರಿಗೆ ವಿಚಿತ್ರವಾಗಿ ಕೇಳುತ್ತದೆ. ಅಲ್ಲಿ ‘ಹ್ಯಾಂಗಿಂಗ್ ಔಟ್’ ಸಾಕು.