ಹುಲ್ಲುದಿಬ್ಬದ ಭಾನುವಾರಗಳು

ಸಿಡ್ನಿಗೆ ಬಂದು ನೆಲೆಸಿ ಇಪ್ಪತ್ತು ವರ್ಷ ಮೀರಿತು. ಬಂದ ಹೊಸತರಲ್ಲಿ ಎಲ್ಲರಂತೆ ಹಾರ್ಬರ್ ಸೇತುವೆ, ಒಪೆರಾ ಹೌಸ್ ನೋಡಿ ಬೆರಗಾಗಿದ್ದೆ, ತಿಪಟೂರಿಗೆ ಫೋಟೋ ಕಳಿಸಿದ್ದೆ. ಆದರೆ ಇದು ನಾನಿರುವ ಊರು ಎಂದು ಮೊದಲ ಬಾರಿಗೆ ಅನ್ನಿಸಿದ್ದು 2005ರ ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ, ಲೈಕಾರ್ಟ್ ಓವಲ್ ಎಂಬ ಹಳೆಯ ಮೈದಾನದ ಹುಲ್ಲುದಿಬ್ಬದ ಮೇಲೆ, ಹೆಸರೂ ಗೊತ್ತಿಲ್ಲದ ಒಬ್ಬ ಅಜ್ಜಿಯ ಕಂಬಳಿಯ ಅಂಚಿನಲ್ಲಿ ಕುಳಿತಿದ್ದಾಗ.

ಆಗ ನಾವು ಹ್ಯಾರಿಸ್ ಪಾರ್ಕಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಕಚೇರಿಯ ಗೆಳತಿಯೊಬ್ಬಳು ರಗ್ಬಿ ಲೀಗ್ ಪಂದ್ಯಕ್ಕೆ ಕರೆದಳು. ರೈಲಿನಲ್ಲಿ ಸೆಂಟ್ರಲ್‌ಗೆ ಹೋಗಿ, ಅಲ್ಲಿಂದ ಟ್ರಾಮ್ ಹಿಡಿದು, ಆಗ ಆ ಮಾರ್ಗದ ಕೊನೆಯ ನಿಲ್ದಾಣವಾಗಿದ್ದ ಲಿಲಿಫೀಲ್ಡ್‌ನಲ್ಲಿ ಇಳಿದೆವು. ದಾರಿ ಕೇಳುವ ಅಗತ್ಯವೇ ಬೀಳಲಿಲ್ಲ. ಕಿತ್ತಳೆ, ಕಪ್ಪು, ಬಿಳುಪಿನ ಸ್ಕಾರ್ಫ್ ಸುತ್ತಿಕೊಂಡವರು ಹಳೆಯ ಪುಟ್ಟ ಮನೆಗಳ ನಡುವಿನ ಓಣಿಗಳಲ್ಲಿ, ಜಾತ್ರೆಗೆ ಹೊರಟವರ ಹಾಗೆ, ಮಕ್ಕಳ ಕೈ ಹಿಡಿದುಕೊಂಡು ನಡೆಯುತ್ತಿದ್ದರು. ಅವರ ಬೆನ್ನ ಹಿಂದೆ ನಾವೂ ನಡೆದೆವು. ಮನೆಗಳ ಸಾಲು ಮುಗಿದದ್ದೇ ತಡ, ಮೈದಾನ ಎದುರಿಗೇ ಇತ್ತು.

ದಿಬ್ಬದ ಟಿಕೆಟ್ಟಿಗೆ ಆಸನ ಸಂಖ್ಯೆ ಇರುವುದಿಲ್ಲ. ಸಿಕ್ಕ ಜಾಗದಲ್ಲಿ ಕುಳಿತುಕೊಳ್ಳಬೇಕು. ಹಿಂದಿನ ರಾತ್ರಿಯ ಮಳೆಗೆ ಹುಲ್ಲು ನೆನೆದಿತ್ತು, ನಾವು ಹಾಸಲು ಏನನ್ನೂ ತಂದಿರಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ಒಂದು ಮಾತೂ ಆಡದೆ ತನ್ನ ಕಂಬಳಿಯ ಮಡಿಕೆ ಬಿಚ್ಚಿ, ಅದರ ತುದಿಯನ್ನು ನಮ್ಮ ಕಡೆಗೆ ಸರಿಸಿದರು. ಆ ಮೈದಾನದ ತಂಡ ವೆಸ್ಟ್ಸ್ ಟೈಗರ್ಸ್. ಅದಕ್ಕೂ ಹಿಂದೆ ಅಲ್ಲಿದ್ದ ಬಾಲ್ಮೈನ್ ತಂಡದ ಕಾಲದಿಂದಲೂ ಅವರು ಅದೇ ಜಾಗದಲ್ಲಿ ಕೂರುತ್ತಿದ್ದರಂತೆ. ಹದಿಮೂರು ಜನರ ಎರಡು ತಂಡ, ಎಂಬತ್ತು ನಿಮಿಷದ ಆಟ, ಚೆಂಡು ಹಿಡಿದವನನ್ನು ಎದುರಾಳಿಗಳು ಆರು ಸಲ ಕೆಡವುವುದರೊಳಗೆ ಅಂಕ ಗಳಿಸಬೇಕು, ಇಲ್ಲದಿದ್ದರೆ ಚೆಂಡು ಬಿಟ್ಟುಕೊಡಬೇಕು, ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿದರೆ ಅದು ಟ್ರೈ, ಅದಕ್ಕೆ ನಾಲ್ಕು ಅಂಕ ಎಂದು ಆಟದ ನಡುನಡುವೆ ನನಗೆ ತಿಳಿಹೇಳಿದ್ದು ಅವರೇ.

ಟಿವಿಯಲ್ಲಿ ಈ ಆಟ ನೋಡುವವರಿಗೆ ಸಿಗದ ಒಂದು ಸಂಗತಿ ಅಲ್ಲಿದೆ, ಅದು ಶಬ್ದ. ಓಡಿ ಬಂದ ನೂರು ಕಿಲೋ ತೂಕದ ಆಟಗಾರನಿಗೆ ಅಷ್ಟೇ ತೂಕದ ಇನ್ನೊಬ್ಬ ಭುಜ ಕೊಟ್ಟಾಗ ಅಕ್ಕಿ ಮೂಟೆಯನ್ನು ಲಾರಿಯಿಂದ ನೆಲಕ್ಕೆ ಎಸೆದಂಥ ಸದ್ದು ಬರುತ್ತದೆ, ಅದರ ಹಿಂದೆಯೇ ಉಸಿರು ಹೊರಬಿದ್ದ ಸದ್ದು. ಬೇಲಿಯ ಬಳಿ ನಿಂತರೆ ಆಟಗಾರರು ಒಬ್ಬರನ್ನೊಬ್ಬರು ಕೂಗಿ ಕರೆಯುವುದು, ರೆಫರಿ ಎಣಿಕೆ ಹೇಳುವುದು, ಪಟ್ಟಿ ಸುತ್ತಿದ ಮಂಡಿಯ ಮೇಲಿನ ಕೆಸರು, ಎಲ್ಲವೂ ಕೈಗೆಟಕುವಷ್ಟು ಹತ್ತಿರ. ದಿಬ್ಬದ ಕಡೆಯ ಹಳೆಯ ಸ್ಕೋರ್‌ಬೋರ್ಡಿನಲ್ಲಿ ಅಂಕಿಗಳನ್ನು ಮನುಷ್ಯರೇ ಕೈಯಿಂದ ಬದಲಾಯಿಸುತ್ತಿದ್ದರು. ನಮ್ಮ ತಂಡ ಟ್ರೈ ಗಳಿಸಿದಾಗ ಹತ್ತಾರು ಮಕ್ಕಳು ಆಟವನ್ನು ಬಿಟ್ಟು ಆ ಬೋರ್ಡಿನ ಕಡೆ ತಿರುಗಿ, ಹಳೆಯ ಅಂಕಿ ಹೋಗಿ ಹೊಸ ಅಂಕಿ ಬರುವುದನ್ನೇ ಕಾಯುತ್ತಿದ್ದರು.

ಆ ವರ್ಷ ಅಕ್ಟೋಬರ್ 2ರಂದು ವೆಸ್ಟ್ಸ್ ಟೈಗರ್ಸ್ ಫೈನಲ್‌ನಲ್ಲಿ ನಾರ್ತ್ ಕ್ವೀನ್ಸ್‌ಲ್ಯಾಂಡ್ ತಂಡವನ್ನು 30-16ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಬೆಂಜಿ ಮಾರ್ಷಲ್ ಓಡುತ್ತಲೇ ಬೆನ್ನ ಹಿಂದಿನಿಂದ ಚೆಂಡನ್ನು ಪ್ಯಾಟ್ ರಿಚರ್ಡ್ಸ್ ಕೈಗೆ ದಾಟಿಸಿದ ಆ ಕ್ಷಣವನ್ನು ಇಂದಿಗೂ ಇಲ್ಲಿನ ಜನ ನೆನೆಯುತ್ತಾರೆ. ಅಂದಿನಿಂದ ನಾನು ಆ ತಂಡದವಳೇ. 2022, 2023, 2024ರಲ್ಲಿ ಸತತ ಮೂರು ವರ್ಷ ಪಟ್ಟಿಯ ಕಟ್ಟಕಡೆಯ ಸ್ಥಾನದಲ್ಲಿ ಉಳಿದಾಗಲೂ ಸ್ಕಾರ್ಫ್ ಬಿಚ್ಚಿಡಲಿಲ್ಲ.

ಈ ಆಟ ಬಡಾವಣೆಗಳಿಗೆ ಇಷ್ಟೊಂದು ಅಂಟಿಕೊಂಡಿರುವುದು ಏಕೆಂದು ತಿಳಿಯಬೇಕಾದರೆ 1907ಕ್ಕೆ ಹೋಗಬೇಕು. ಆಗ ರಗ್ಬಿಯ ಮೂಲ ರೂಪವಾದ ರಗ್ಬಿ ಯೂನಿಯನ್ ಆಡುತ್ತಿದ್ದ ಕೂಲಿಕಾರರಿಗೆ ಆಟದಲ್ಲಿ ಪೆಟ್ಟಾದರೆ ಕಳೆದುಕೊಂಡ ಕೂಲಿಗೆ ಪರಿಹಾರ ಸಿಗುತ್ತಿರಲಿಲ್ಲ. ಅಲೆಕ್ಸ್ ಬರ್ಡನ್ ಎಂಬ ಆಟಗಾರ ಭುಜಕ್ಕೆ ಗಾಯ ಮಾಡಿಕೊಂಡು ದುಡಿಮೆ ತಪ್ಪಿ ಕುಳಿತದ್ದು ಆ ಅಸಮಾಧಾನಕ್ಕೆ ಕಿಡಿ ಹಚ್ಚಿತು. ಅದರಿಂದ ಬೇರೆಯಾಗಿ ಹೊಸ ಲೀಗ್ ಕಟ್ಟಿದವರಲ್ಲಿ ವಿಕ್ಟರ್ ಟ್ರಂಪರ್ ಕೂಡ ಒಬ್ಬರು ಎಂಬುದು ಕ್ರಿಕೆಟ್ ಪ್ರಿಯರಾದ ನಮ್ಮವರಿಗೆ ಆಶ್ಚರ್ಯ ತರಬಹುದು. ಅಂಥ ದೊಡ್ಡ ಬ್ಯಾಟ್ಸ್‌ಮನ್ ಈ ಬಂಡಾಯದ ಲೀಗಿನ ಖಜಾಂಚಿಯಾದರು. 1908ರಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ಬಾಲ್ಮೈನ್, ಗ್ಲೀಬ್, ನ್ಯೂಟೌನ್, ಸೌತ್ ಸಿಡ್ನಿ, ನಾರ್ತ್ ಸಿಡ್ನಿ ಎಂದು ತಂಡಗಳಿಗೆಲ್ಲ ಕೇರಿಗಳದೇ ಹೆಸರು. ಒಂದು ತಂಡಕ್ಕೆ ಆಡುವವನು ಆ ಪ್ರದೇಶದ ನಿವಾಸಿಯೇ ಆಗಿರಬೇಕೆಂಬ ನಿಯಮ 1959ರವರೆಗೂ ಇತ್ತು. ಎಂದರೆ ವಾರವಿಡೀ ಹಡಗುಕಟ್ಟೆಯಲ್ಲಿ ಪಕ್ಕದಲ್ಲಿ ನಿಂತು ದುಡಿದವನೇ ಶನಿವಾರ ನಿಮ್ಮ ಕೇರಿಯ ಅಂಗಿ ತೊಟ್ಟು ಮೈದಾನಕ್ಕೆ ಇಳಿಯುತ್ತಿದ್ದ.

ಆ ಕೇರಿಗಳಲ್ಲಿ ಹೆಚ್ಚಿನವು ಈಗ ದುಡಿಯುವವರ ಕೈಗೆ ಎಟುಕದಷ್ಟು ದುಬಾರಿಯಾಗಿವೆ. ಆಟವೂ ಬದಲಾಯಿತು. ಟಿವಿ ಹಕ್ಕಿಗಾಗಿ 1995ರಿಂದ ನಡೆದ ಸೂಪರ್ ಲೀಗ್ ಎಂಬ ಪ್ರತಿಸ್ಪರ್ಧಿ ಪಂದ್ಯಾವಳಿಯ ಕದನದ ಬಳಿಕ ತಂಡಗಳ ಸಂಖ್ಯೆ ಇಳಿಸಲು ಹೊರಟಾಗ, 1969ರ ನಂತರ ಪ್ರಶಸ್ತಿ ಕಾಣದಿದ್ದ ಬಾಲ್ಮೈನ್ 1999ರಲ್ಲಿ ವೆಸ್ಟರ್ನ್ ಸಬರ್ಬ್ಸ್ ಜೊತೆ ಸೇರಿ ವೆಸ್ಟ್ಸ್ ಟೈಗರ್ಸ್ ಆಯಿತು. ಸೌತ್ ಸಿಡ್ನಿಯನ್ನು ಪಂದ್ಯಾವಳಿಯಿಂದಲೇ ಕೈಬಿಟ್ಟಾಗ ಹತ್ತಾರು ಸಾವಿರ ಜನ ನಗರದ ಬೀದಿಗಿಳಿದರು, ನ್ಯಾಯಾಲಯದ ಹೋರಾಟವೂ ನಡೆಯಿತು, ಕೊನೆಗೆ ತಂಡ 2002ರಲ್ಲಿ ಮರಳಿ ಬಂತು. ಒಂದು ಆಟದ ತಂಡಕ್ಕಾಗಿ ಜನ ಹೀಗೆ ಹೋರಾಡಿದ್ದನ್ನು ಅಜ್ಜಿ ನನಗೆ ಹೇಳುವಾಗ, ತಮ್ಮ ಬಾಲ್ಮೈನ್ ಹೆಸರು ಹೋದದ್ದರ ನೋವು ಅವರ ದನಿಯಲ್ಲಿ ಹಾಗೆಯೇ ಇತ್ತು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಮೈದಾನದಲ್ಲಿ ಈಗ ಮೊದಲ ದರ್ಜೆಯ ಪಂದ್ಯಗಳೇ ನಡೆಯುವುದಿಲ್ಲ. ಅದು ಮ್ಯಾರಿಕ್‌ವಿಲ್‌ನ ಹೆನ್ಸನ್ ಪಾರ್ಕ್, ನ್ಯೂಟೌನ್ ಜೆಟ್ಸ್ ತಂಡದ ನೆಲೆ. ಇಟ್ಟಿಗೆಗಾಗಿ ಮಣ್ಣು ತೆಗೆದು ಉಳಿದಿದ್ದ ಹೊಂಡವನ್ನು ತುಂಬಿಸಿ ಮಾಡಿದ ಮೈದಾನ ಅದು. ಅದಕ್ಕೇ ಸುತ್ತಲೂ ದಿಬ್ಬ, ನಡುವೆ ತಗ್ಗು, ಬಾಣಲೆಯ ಆಕಾರ. 1938ರ ಎಂಪೈರ್ ಕ್ರೀಡಾಕೂಟದ (ಇಂದಿನ ಕಾಮನ್‌ವೆಲ್ತ್ ಕ್ರೀಡಾಕೂಟ) ಸೈಕಲ್ ಸ್ಪರ್ಧೆಗಳು ಇಲ್ಲಿಯೇ ನಡೆದಿದ್ದವು. ನ್ಯೂಟೌನ್ 1981ರ ಫೈನಲ್‌ವರೆಗೂ ಹೋಗಿ ಪ್ಯಾರಮಟ್ಟಾ ಎದುರು 20-11ರಿಂದ ಸೋತಿತು, ಹಣದ ಮುಗ್ಗಟ್ಟಿನಿಂದ 1983ರ ಕೊನೆಗೆ ಮೊದಲ ದರ್ಜೆಯನ್ನೇ ಬಿಡಬೇಕಾಯಿತು. ಅಷ್ಟಾದರೂ ತಂಡ ಮುಚ್ಚಲಿಲ್ಲ. ಎರಡನೇ ಸ್ತರದ ಪಂದ್ಯಾವಳಿಯಲ್ಲಿ ಆಡುತ್ತಾ, 2019ರಲ್ಲಿ ಅದನ್ನು ಗೆದ್ದೂ ತೋರಿಸಿತು.

ಅಲ್ಲಿಗೆ ನಾಯಿಗಳನ್ನೂ ಕರೆತರುತ್ತಾರೆ. ಗಾಳಿ ಅನುಕೂಲವಾಗಿದ್ದ ದಿನ ವಿಮಾನಗಳು ತಲೆಯ ಮೇಲೆಯೇ, ಚಕ್ರಗಳು ಕಾಣುವಷ್ಟು ತಗ್ಗಿನಲ್ಲಿ, ನಿಲ್ದಾಣಕ್ಕೆ ಇಳಿಯುತ್ತವೆ. ಆ ಗದ್ದಲದಲ್ಲಿ ರೆಫರಿಯ ಸೀಟಿ ಕೇಳಿಸದೆ ಆಟಗಾರರು ಒಂದೆರಡು ಹೆಜ್ಜೆ ಹೆಚ್ಚೇ ಓಡಿಬಿಡುತ್ತಾರೆ. ಪಂದ್ಯ ಮುಗಿಯುತ್ತಿದ್ದಂತೆ ಮಕ್ಕಳೆಲ್ಲ ಚೆಂಡು ಹಿಡಿದು ಮೈದಾನಕ್ಕೆ ನುಗ್ಗುತ್ತಾರೆ. ಮತ್ತೊಂದು ಪದ್ಧತಿಯನ್ನು ಹೇಳಲೇಬೇಕು: ಬಂದವರು ಎಷ್ಟೇ ಜನವಿರಲಿ, ಅಂದಿನ ಪ್ರೇಕ್ಷಕರ ಸಂಖ್ಯೆ 8,972 ಎಂದೇ ಧ್ವನಿವರ್ಧಕದಲ್ಲಿ ಸಾರುತ್ತಾರೆ. ಮೊದಲ ಸಲ ನಾನದನ್ನು ನಿಜವೆಂದೇ ನಂಬಿದೆ. ಎರಡನೇ ಸಲ ಅದೇ ಅಂಕಿ ಕೇಳಿದಾಗ ಪಕ್ಕದವರ ಮುಖ ನೋಡಿದೆ, ಅವರು ಆಗಲೇ ಚಪ್ಪಾಳೆ ತಟ್ಟುತ್ತಿದ್ದರು. ಈಗ ನನ್ನ ಮಗಳು ಆ ಅಂಕಿಯನ್ನು ಘೋಷಕರಿಗಿಂತ ಮೊದಲೇ ಕೂಗುತ್ತಾಳೆ.

ಉಳಿದ ಮೈದಾನಗಳಲ್ಲಿ ಒಂದೊಂದಕ್ಕೂ ಒಂದೊಂದು ಮೈಗುಣ. ಬೆಲ್ಮೋರ್‌ನ ಮೈದಾನ ರೈಲು ನಿಲ್ದಾಣದ ಪಕ್ಕದಲ್ಲೇ ಇದೆ. ಸುತ್ತಮುತ್ತ ಲೆಬನಾನ್ ಮೂಲದ ಕುಟುಂಬಗಳು ಹೆಚ್ಚು. ಲೆಬನಾನಿನ ಟ್ರಿಪೋಲಿಯಲ್ಲಿ ಹುಟ್ಟಿ ಬಾಲ್ಯದಲ್ಲೇ ಇಲ್ಲಿಗೆ ಬಂದ ಹಜೆಮ್ ಎಲ್ ಮಸ್ರಿ ಈ ಮೈದಾನದ ತಂಡವಾದ ಬುಲ್‌ಡಾಗ್ಸ್ ಪರ ಆಡಿ 2,418 ಅಂಕ ಗಳಿಸಿದರು. ಅವರು 2009ರಲ್ಲಿ ನಿವೃತ್ತರಾದಾಗ ಆಸ್ಟ್ರೇಲಿಯಾದ ಈ ಲೀಗಿನ ಇತಿಹಾಸದಲ್ಲೇ ಅಷ್ಟು ಅಂಕ ಗಳಿಸಿದವರು ಬೇರೆ ಇರಲಿಲ್ಲ. ವಲಸೆ ಬಂದ ಮನೆಯ ಹುಡುಗನೊಬ್ಬನ ಹೆಸರನ್ನು ಇಡೀ ಮೈದಾನ ಒಂದೇ ಉಸಿರಿನಲ್ಲಿ ಕೂಗುವುದೆಂದರೆ ಏನೆಂಬುದು ನಮ್ಮಂಥವರಿಗೆ ವಿವರಿಸಿ ಹೇಳಬೇಕಿಲ್ಲ. ಕೊಗರಾದ ಮೈದಾನಕ್ಕೆ ಹೋದರೆ 1956ರಿಂದ 1966ರವರೆಗೆ ಸತತ ಹನ್ನೊಂದು ಪ್ರಶಸ್ತಿ ಗೆದ್ದ ಸೇಂಟ್ ಜಾರ್ಜ್ ತಂಡದ ಮಾತು ಇನ್ನೂ ನಿನ್ನೆಯದೆಂಬಂತೆ ಕೇಳಿಬರುತ್ತದೆ. ಆ ತಂಡದ ಕ್ಲಬ್ ಕಟ್ಟಡಕ್ಕೆ ಇಲ್ಲಿನವರು ಇಟ್ಟ ಅಡ್ಡಹೆಸರು ತಾಜ್ ಮಹಲ್! ಬ್ರೂಕ್‌ವೇಲ್‌ಗೆ ರೈಲಿಲ್ಲ, ಬಸ್ಸೇ ಗತಿ. ಎದುರಾಳಿ ತಂಡದವರನ್ನು ಅಲ್ಲಿನ ದಿಬ್ಬ ಅಷ್ಟೇನೂ ಅಕ್ಕರೆಯಿಂದ ಬರಮಾಡಿಕೊಳ್ಳುವುದಿಲ್ಲ.

ಪ್ಯಾರಮಟ್ಟಾ ನನ್ನ ಮೊದಲ ಮನೆಗೆ ನಡೆದು ಹೋಗುವಷ್ಟು ಹತ್ತಿರವಿತ್ತು. 1981ರಲ್ಲಿ ತಂಡಕ್ಕೆ ಮೊಟ್ಟಮೊದಲ ಪ್ರಶಸ್ತಿ ಬಂದ ರಾತ್ರಿ, ಸಂಭ್ರಮದಲ್ಲಿ ಮೈಮರೆತ ಅಭಿಮಾನಿಗಳು ತಮ್ಮದೇ ಕಂಬರ್‌ಲ್ಯಾಂಡ್ ಓವಲ್‌ನ ಹಳೆಯ ಸ್ಟ್ಯಾಂಡಿಗೆ ಬೆಂಕಿ ಇಟ್ಟರು. 1986ರಲ್ಲಿ ಅಲ್ಲಿ ಹೊಸ ಕ್ರೀಡಾಂಗಣ ಬಂತು, ಅದನ್ನೂ ಕೆಡವಿ 2019ರಲ್ಲಿ ಮೂವತ್ತು ಸಾವಿರ ಆಸನಗಳ ಇನ್ನೊಂದನ್ನು ತೆರೆದರು. ಈಗಿನದು ನಿಜಕ್ಕೂ ಚೆನ್ನಾಗಿದೆ. ಯಾವ ಮೂಲೆಯಲ್ಲಿ ಕುಳಿತರೂ ಆಟ ಸ್ಪಷ್ಟವಾಗಿ ಕಾಣುತ್ತದೆ, ಪಂದ್ಯ ಮುಗಿಸಿ ಹ್ಯಾರಿಸ್ ಪಾರ್ಕಿಗೆ ನಡೆದು ಬಂದು ಬಿಸಿ ದೋಸೆ ತಿನ್ನಬಹುದು. ಬಡಾವಣೆಯೊಳಗೇ ಒಳ್ಳೆಯದನ್ನು ಕಟ್ಟಲು ಸಾಧ್ಯ ಎಂಬುದಕ್ಕೆ ನಾನು ಅದನ್ನೇ ತೋರಿಸುತ್ತೇನೆ. ನನ್ನ ತಕರಾರು ಇರುವುದು ಒಲಿಂಪಿಕ್ಸ್‌ಗೆಂದು ಕಟ್ಟಿದ, ಎಂಬತ್ತು ಸಾವಿರ ಜನ ಹಿಡಿಸುವ ಕ್ರೀಡಾಂಗಣಕ್ಕೆ ಸಾಧಾರಣ ವಾರದ ಪಂದ್ಯಗಳನ್ನು ಒಯ್ಯುವುದರ ಬಗ್ಗೆ. ಹತ್ತು ಹನ್ನೆರಡು ಸಾವಿರ ಜನ ಅಲ್ಲಿ ಕುಳಿತರೆ ಮದುವೆ ಮುಗಿದ ಛತ್ರದ ಹಾಗೆ ಭಣಗುಡುತ್ತದೆ. ಅಷ್ಟೇ ಜನ ಲೈಕಾರ್ಟ್‌ನಲ್ಲಿ ಸೇರಿದರೆ ಪಕ್ಕದ ಬೀದಿಗಳಿಗೂ ಕೂಗು ಕೇಳುತ್ತದೆ.

ಹಳೆಯ ಮೈದಾನಗಳ ಕೊರತೆಗಳನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಒಂದು ಮೈದಾನದಲ್ಲಿ, ಏಳು ತಿಂಗಳ ಬಸುರಿಯಾಗಿದ್ದಾಗ, ಹೆಂಗಸರ ಶೌಚಾಲಯದ ಮುಂದೆ ಪಂದ್ಯದ ಅರ್ಧವಿರಾಮ ಮುಗಿದು ಇಪ್ಪತ್ತು ನಿಮಿಷ ಕಳೆದರೂ ಸಾಲಿನಲ್ಲೇ ನಿಂತಿದ್ದೆ. ಗಾಲಿಕುರ್ಚಿಯಲ್ಲಿ ಬಂದವರನ್ನು ನಾಲ್ಕು ಜನ ಎತ್ತಿಕೊಂಡು ಮೆಟ್ಟಿಲೇರಿದ್ದನ್ನೂ ಅಲ್ಲಿಯೇ ಕಂಡೆ. 2024ರ ಆಗಸ್ಟ್‌ನಲ್ಲಿ ಲೈಕಾರ್ಟ್ ಓವಲ್‌ನಲ್ಲಿಯೇ ಶಾಲಾ ಮಕ್ಕಳ ರಗ್ಬಿ ಪಂದ್ಯದ ವೇಳೆ ಕಟಾಂಜನ ಮುರಿದು ವಿದ್ಯಾರ್ಥಿಗಳು ಕೆಳಗೆ ಬಿದ್ದು ಗಾಯಗೊಂಡರು. ಇಂಥ ಸುದ್ದಿ ಬಂದ ಕೂಡಲೇ ಈ ಮೈದಾನಗಳ ಕಾಲ ಮುಗಿಯಿತು ಎನ್ನುವವರು ಎದ್ದು ನಿಲ್ಲುತ್ತಾರೆ. ಸೋರುವ ಮನೆಗೆ ಹೆಂಚು ಹೊದಿಸಬೇಕೇ ಹೊರತು ಮನೆಯನ್ನೇ ಬಿಟ್ಟು ಹೋಗಲಾಗದು ಎಂದು ನನ್ನ ವಾದ. ಬಡಾವಣೆ ಮೈದಾನಗಳ ದುರಸ್ತಿಗೆ ಹಣ ಕೊಡುವುದಾಗಿ ಹೇಳಿದ್ದ ರಾಜ್ಯ ಸರ್ಕಾರ 2022ರಲ್ಲಿ, ಪ್ರವಾಹದಲ್ಲಿ ಮನೆ ಕಳೆದುಕೊಂಡವರಿಗೆ ಮೊದಲ ಆದ್ಯತೆ ಎಂದು ಹಿಂದೆ ಸರಿಯಿತು. ಆ ಕಾರಣವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದಕ್ಕೂ ಮೊದಲು ದಶಕಗಳ ಕಾಲ, ಪ್ರವಾಹವಿಲ್ಲದ ವರ್ಷಗಳಲ್ಲಿಯೂ ಈ ಶೌಚಾಲಯಗಳು ಹೀಗೆಯೇ ಇದ್ದವಲ್ಲ! 2024ರಲ್ಲಿ ಲೈಕಾರ್ಟ್‌ಗೆ ಕೇಂದ್ರ, ರಾಜ್ಯ, ಸ್ಥಳೀಯ ಪಾಲಿಕೆ ಮೂರೂ ಸೇರಿ 4 ಕೋಟಿ ಡಾಲರ್ ಘೋಷಿಸಿದಾಗ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆ. ಸ್ಟ್ಯಾಂಡ್ ಹೊಸದಾಗಲಿ, ಮೆಟ್ಟಿಲಿನ ಪಕ್ಕ ಇಳಿಜಾರು ದಾರಿ ಬರಲಿ, ಹೆಂಗಸರಿಗೆ ಸಾಕಷ್ಟು ಶೌಚಾಲಯಗಳಿರಲಿ. ದಿಬ್ಬವನ್ನು ಮಾತ್ರ ಮುಟ್ಟದಿರಲಿ.

2012ರಲ್ಲಿ ಅಪ್ಪ ಮೂರು ತಿಂಗಳ ಮಟ್ಟಿಗೆ ಬಂದಿದ್ದರು. ಪ್ರಾಯದಲ್ಲಿ ಊರಿನ ಕಬಡ್ಡಿ ತಂಡದಲ್ಲಿದ್ದವರು. ಇಲ್ಲಿ ಬಂದು ಮಾತಿಗೆ ಜನವಿಲ್ಲದೆ ಮಂಕಾಗಿದ್ದರು. ಒಂದು ಭಾನುವಾರ ಸ್ವೆಟರ್ ಮೇಲೆ ಸ್ವೆಟರ್ ಹಾಕಿಸಿ, ಮಂಕಿ ಟೋಪಿ ತೊಡಿಸಿ ಲೈಕಾರ್ಟ್‌ಗೆ ಕರೆದೊಯ್ದೆ. ನೆಲದ ಮೇಲೆ ಕೂರಲು ಅವರಿಗೆ ಮಂಡಿ ನೋವು. ಅವರು ನಿಂತೇ ಇರುವುದನ್ನು ನೋಡಿ ಹಿಂದಿನ ಸಾಲಿನ ಯುವಕನೊಬ್ಬ ತನ್ನ ಮಡಿಚುವ ಕುರ್ಚಿಯನ್ನು ತಂದಿಟ್ಟು, ಅಪ್ಪನ ಹೆಗಲು ತಟ್ಟಿ ಹೋದ. ಅಪ್ಪ ಹತ್ತು ನಿಮಿಷ ಸುಮ್ಮನೆ ನೋಡಿದರು. ಮೂವರು ಸೇರಿ ಒಬ್ಬನನ್ನು ಕಾಲು, ಸೊಂಟ, ಭುಜ ಹಿಡಿದು ಕೆಡವಿದಾಗ ಕುರ್ಚಿಯಲ್ಲಿ ಮುಂದಕ್ಕೆ ಸರಿದು, "ಇದು ನಮ್ ಕಬಡ್ಡೀನೇ ಕಣವ್ವ, ಚೆಂಡೊಂದು ಜಾಸ್ತಿ ಐತೆ ಅಷ್ಟೆ," ಎಂದರು. ದ್ವಿತೀಯಾರ್ಧದಲ್ಲಿ "ಕಾಲಿಗ್ ಬೀಳೋ, ಕಾಲ್ ಹಿಡಿಯೋ" ಎಂದು ಕನ್ನಡದಲ್ಲಿ ಕೂಗುತ್ತಿದ್ದರು. ಪಕ್ಕದ ಮಕ್ಕಳು ಅರ್ಥ ತಿಳಿಯದೆಯೇ ಅದನ್ನು ಕಲಿತು ಅವರ ಜೊತೆ ಕೂಗಿದರು.

ಅಪ್ಪನಿಗೆ ಈಗ ಎಂಬತ್ತು ದಾಟಿದೆ, ಮತ್ತೆ ಇಷ್ಟು ದೂರ ಬರುವುದು ಅವರಿಂದಾಗದು. ಸೋಮವಾರ ಬೆಳಿಗ್ಗೆ ಫೋನ್ ಮಾಡಿದರೆ ಮೊಮ್ಮಗಳ ಆರೋಗ್ಯ ವಿಚಾರಿಸಿದ ಕೂಡಲೇ, "ಹುಲಿಗಳು ಗೆದ್ದ್ವೇನವ್ವ?" ಎನ್ನುತ್ತಾರೆ. "ಇಲ್ಲ ಅಪ್ಪಾಜಿ, ಸೋತ್ವು," ಎಂದೆ ಮೊನ್ನೆಯೂ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ್ ಆಟ ಎಲ್ಲಿ? ಆ ಹುಲ್ಲಿನ ದಿಣ್ಣೆ ಮ್ಯಾಲೇನಾ?" ಎಂದು ಕೇಳಿದರು. ಅಲ್ಲೇ ಎಂದು ಹೇಳಿದೆ.