ಬಾಣಂತಿ ಕೈಯಿಂದ ಇನ್‌ಹೇಲರ್ ಕಿತ್ತುಕೊಳ್ಳಬೇಡಿ

ಇವತ್ತು ಮಧ್ಯಾಹ್ನ ನನ್ನ ಮೆಡಿಕಲ್ ಶಾಪಿಗೆ ಒಬ್ಬರು ಇನ್‌ಹೇಲರ್ ವಾಪಸ್ ಕೊಡೋಕೆ ಬಂದಿದ್ದರು. ಸೀಲ್ ಕೂಡ ಒಡೆದಿರಲಿಲ್ಲ. ಹೋದ ವಾರ ಅವರ ಹೆಂಡತಿಗೆ ಅಂತ ನಾನೇ ಕೊಟ್ಟಿದ್ದು. "ಇದು ಬೇಡವಂತೆ ಮೇಡಂ. ಮಗು ಹಾಲು ಕುಡಿಯುತ್ತೆ ಅಲ್ವಾ, ಹಾಲಿಗೆ ಇಳಿಯುತ್ತೆ ಅಂತ ಅಮ್ಮ ಹೇಳಿದ್ರು" ಅಂದರು. ಹಾಗಾದ್ರೆ ಉಬ್ಬಸಕ್ಕೆ ಏನು ಮಾಡ್ತಾ ಇದ್ದಾರೆ ಅಂತ ಕೇಳಿದೆ. "ರಾತ್ರಿಯೆಲ್ಲ ಕೂತ್ಕೊಂಡೇ ಇರ್ತಾಳೆ. ಮಲಗಿದ್ರೆ ದಮ್ಮು ಕಟ್ಟುತ್ತೆ."

ಮೈಯೆಲ್ಲ ಉರಿದುಹೋಯಿತು. ಆ ಹುಡುಗನ ಮೇಲಲ್ಲ. ಪಾಪ, ಮಳೆಯಲ್ಲಿ ನೆನೆದುಕೊಂಡು ಬಂದಿದ್ದ, ಕಣ್ಣಲ್ಲಿ ನಿದ್ದೆಯಿಲ್ಲ. ಅವನ ಅಮ್ಮನ ಮೇಲೂ ಅಲ್ಲ, ಮೊಮ್ಮಗುವಿನ ಮೇಲಿನ ಪ್ರೀತಿಯಿಂದಲೇ ಹೇಳಿರುತ್ತಾರೆ. ಸಿಟ್ಟು ಬಂದಿದ್ದು ಈ ಮಾತಿನ ಮೇಲೆ. ಮೆಡಿಕಲ್ ಇಟ್ಟ ದಿನದಿಂದ ಇದನ್ನೇ ಕೇಳ್ತಾ ಇದ್ದೀನಿ. ಹಾಲಿಗೆ ಇಳಿಯುತ್ತೆ, ಹಾಲಿಗೆ ಇಳಿಯುತ್ತೆ. ಎಷ್ಟು ಇಳಿಯುತ್ತೆ, ಇಳಿದರೆ ಮಗುವಿಗೆ ಏನಾಗುತ್ತೆ ಅಂತ ಒಬ್ಬರೂ ಕೇಳೋದಿಲ್ಲ.

ನಮ್ಮ ಕೊಡಗಿನ ಬಾಣಂತಿ ಕೋಣೆ ಈ ತಿಂಗಳಲ್ಲಿ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಹೊರಗೆ ಆಟಿ ಮಳೆ. ಗಾಳಿ ತಾಗಬಾರದು ಅಂತ ಕಿಟಕಿ ಮುಚ್ಚಿರುತ್ತೆ. ಗೋಡೆ ಬುಡದಲ್ಲಿ ಬೂಷ್ಟು, ಕಂಬಳಿಯಲ್ಲಿ ತಂಡಿ ವಾಸನೆ. ಮಗುವಿನ ಬಟ್ಟೆ ಒಣಗೋದಿಲ್ಲ ಅಂತ ಅಗ್ಗಿಷ್ಟಿಕೆ ಮೇಲೆ ಬುಟ್ಟಿ ಕವುಚಿ ಅದರ ಮೇಲೆ ಹರವಿರುತ್ತಾರೆ. ಸ್ನಾನ ಆದ ತಕ್ಷಣ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ ತಾಯಿ ತಲೆಗೂದಲಿಗೂ ಹೊಗೆ, ಮಗುವಿಗೂ ಹೊಗೆ. ಬೂಷ್ಟು, ತೇವ, ಹೊಗೆ, ಮೂರೂ ಉಬ್ಬಸ ಕೆರಳಿಸೋವೇ. ಇಷ್ಟೆಲ್ಲ ಆ ಹೆಣ್ಣುಮಗಳ ಎದೆಯೊಳಗೆ ಹೋಗಬಹುದು, ಉಸಿರು ಬಿಡಿಸುವ ಒಂದು ಪಫ್ ಮಾತ್ರ ಹೋಗಬಾರದು ಅಂದರೆ ಹೇಗೆ? ಹೊಗೆ ಮಗುವಿನ ಶ್ವಾಸಕೋಶಕ್ಕೂ ನೇರವಾಗಿ ಹೋಗುತ್ತೆ. ಅದು ಹಾಲಿನ ದಾರಿ ಕಾಯೋದಿಲ್ಲ.

ಲೆಕ್ಕ ಹೇಳ್ತೀನಿ, ದಯವಿಟ್ಟು ಓದಿ. ಉಬ್ಬಸ ಬಂದಾಗ ತಗೊಳ್ಳುವ ನೀಲಿ ಇನ್‌ಹೇಲರ್‌ನಲ್ಲಿರೋದು ಸಾಲ್ಬುಟಮಾಲ್. ಒಂದು ಪಫ್‌ಗೆ 100 ಮೈಕ್ರೋಗ್ರಾಂ. ಅದೇ ಔಷಧಿಯ 4 ಮಿಲಿಗ್ರಾಂ ಮಾತ್ರೆಯಲ್ಲಿ 40 ಪಫ್‌ನಷ್ಟು ಔಷಧಿ ಇರುತ್ತೆ. ಆದರೂ ನಮ್ಮ ಜನಕ್ಕೆ ಇನ್‌ಹೇಲರ್ ಅಂದ್ರೆ "ಸ್ಟ್ರಾಂಗ್", ಮಾತ್ರೆ ಅಂದ್ರೆ "ಪರವಾಗಿಲ್ಲ". ಸೇದಿದ ಔಷಧಿ ಬೇಕಾದ ಜಾಗಕ್ಕೇ ಹೋಗಿ ಕೆಲಸ ಮಾಡುತ್ತೆ. ಅದರಲ್ಲಿ ಸ್ವಲ್ಪ ರಕ್ತಕ್ಕೆ ಸೇರುತ್ತೆ, ರಕ್ತದಿಂದ ಹಾಲಿಗೆ ಬರೋದು ಇನ್ನೂ ಕಡಿಮೆ.

ದಿನಾ ತಗೊಳ್ಳಬೇಕಾದ ಇನ್‌ಹೇಲರ್‌ನಲ್ಲಿರುವ ಬುಡೆಸೊನೈಡ್ ಇದೆಯಲ್ಲ, "ಸ್ಟೆರಾಯ್ಡ್" ಅನ್ನೋ ಹೆಸರಿಗೇ ಜನ ಬೆಚ್ಚಿಬೀಳೋದು, ಅದನ್ನು ಸೇದುವ ತಾಯಂದಿರ ಹಾಲನ್ನೇ ತೆಗೆದು ಪರೀಕ್ಷೆ ಮಾಡಿದ್ದಾರೆ. ತಾಯಿ ದಿನಕ್ಕೆ ತಗೊಂಡಿದ್ದರಲ್ಲಿ ಮಗುವಿಗೆ ಸಿಗೋದು ಹೆಚ್ಚುಕಡಿಮೆ 0.3 ಪರ್ಸೆಂಟ್. ತಾಯಿ ಮಗು ಇಬ್ಬರ ತೂಕಕ್ಕೂ ಹೊಂದಿಸಿ ಲೆಕ್ಕ ಹಾಕಿ 10 ಪರ್ಸೆಂಟ್ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ ಅನ್ನೋದು ಈ ವಿಷಯ ತಿಳಿದವರು ಇಟ್ಟುಕೊಂಡಿರುವ ಅಳತೆ. ಮಗುವಿಗೇ ಉಸಿರಾಟದ ತೊಂದರೆ ಆಗಿ ನೆಬ್ಯುಲೈಸ್ ಮಾಡಿಸೋಕೆ ಕರ್ಕೊಂಡು ಹೋದರೆ, ಎಷ್ಟೋ ಸಲ ಮಾಸ್ಕ್‌ನಲ್ಲಿ ಹಾಕಿ ಕೊಡೋದು ಇವೇ ಔಷಧಿಗಳನ್ನು!

ನನಗೂ ಉಬ್ಬಸ ಇರೋದು ಇಲ್ಲಿರುವ ಹಳೇ ಸ್ನೇಹಿತರಿಗೆ ಗೊತ್ತಿದೆ. ಗೊತ್ತಿಲ್ಲದ ಒಂದು ಮಾತು ಹೇಳ್ತೀನಿ. ನನ್ನ ಮಗಳು ಹುಟ್ಟಿದ್ದೂ ಮಳೆಗಾಲದಲ್ಲೇ. ಔಷಧಿಯನ್ನೇ ಓದಿದವಳು ನಾನು. ಈ ಲೆಕ್ಕ ಎಲ್ಲ ಬಾಯಿಪಾಠ. ಆದರೂ ಪಫ್ ತಗೊಂಡು ಹಾಲು ಕೊಟ್ಟ ಮೇಲೆ, ಮಗು ನಿದ್ದೆ ಹೋದರೂ ಅದರ ಎದೆ ಏರಿಳಿಯೋದನ್ನೇ ನೋಡ್ತಾ ಕೂತಿರುತ್ತಿದ್ದೆ. ನಮ್ಮತ್ತೆ ಎದ್ದು ಬಂದು, ಮಗುವನ್ನು ಅವರ ಪಕ್ಕಕ್ಕೆ ಹಾಕಿಕೊಂಡು, "ನೀನು ಸರಿಯಾಗಿ ಉಸಿರಾಡು, ಮಲ್ಕೋ. ನಾನು ನೋಡ್ಕೊಳ್ತೀನಿ" ಅನ್ನೋರು. ಅಷ್ಟು ತಿಳಿದವಳಿಗೇ ಅಷ್ಟು ಭಯ ಇತ್ತು. ಏನೂ ತಿಳಿಯದ, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಹುಡುಗಿಗೆ ಸುತ್ತ ಇರೋರೆಲ್ಲ "ಮಗುವಿಗೆ ವಿಷ ಕೊಡ್ತೀಯಾ" ಅಂದರೆ ಅವಳ ಗತಿ ಏನು? ಅವಳು ದಮ್ಮು ಕಟ್ಟಿಕೊಂಡೇ ಕೂರುತ್ತಾಳೆ. ಕೂತಿದ್ದಾಳೆ ಕೂಡ, ಇವತ್ತು ರಾತ್ರಿ.

"ಔಷಧಿ ಅಂದ್ರೆ ಔಷಧಿಯೇ. ಆರು ತಿಂಗಳು ತಡ್ಕೊಂಡ್ರೆ ಏನಾಗುತ್ತೆ? ನಮ್ಮ ಅಜ್ಜಿಯರು ಇನ್‌ಹೇಲರ್ ಇಟ್ಕೊಂಡು ಹೆತ್ತಿದ್ರಾ?" ಅಂತ ಕೆಲವರು ಕೇಳ್ತಾರೆ. ಉಬ್ಬಸ ಆರು ತಿಂಗಳು ರಜೆ ಕೊಡೋದಿಲ್ಲ. ದಿನದ ಇನ್‌ಹೇಲರ್ ನಿಲ್ಲಿಸಿದರೆ ಉಸಿರ ನಾಳದೊಳಗೆ ಊತ ಮೆಲ್ಲಗೆ ವಾಪಸ್ ಬರುತ್ತೆ. ಗೊತ್ತಾಗೋ ಹೊತ್ತಿಗೆ ನಡುರಾತ್ರಿ ಆಗಿರುತ್ತೆ, ದಾರಿಗೆ ಮರ ಬಿದ್ದಿರುತ್ತೆ, ಮಡಿಕೇರಿ ತಲುಪೋದೇ ಕಷ್ಟ ಆಗಿರುತ್ತೆ. ಆಮೇಲೆ ತಾಯಿ ವಾರ್ಡಿನಲ್ಲಿ, ಮಗು ಮನೆಯಲ್ಲಿ. ಹಾಲು ತಪ್ಪೋದು ಆಗ. ಅಜ್ಜಿಯರ ಮಾತು ಅಂದ್ರಾ? ಒಲೆ ಮುಂದೆ ಕೆಮ್ಮಿ ಕೆಮ್ಮಿ ಬೆನ್ನು ಬಗ್ಗಿಸಿಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೀನಿ. ನಿನಗೆ ಉಸಿರಾಡೋಕೆ ಆಗ್ತಾ ಇದೆಯಾ ಅಂತ ಅವರನ್ನು ಯಾರೂ ಕೇಳಲಿಲ್ಲ, ಅಷ್ಟೇ.

ಇನ್ನೂ ಬೇಜಾರಿನ ವಿಷಯ ಅಂದ್ರೆ, "ಔಷಧಿ ಬೇಕಾದ್ರೆ ಹಾಲು ಬಿಡಿಸಿ, ಡಬ್ಬಿ ಹಾಲು ಹಾಕಿ" ಅಂತ ಓದಿದವರ ಬಾಯಲ್ಲೂ ಕೇಳಿದ್ದೀನಿ. ಮೊದಲ 6 ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಮಾಮೂಲಿ ಉಬ್ಬಸದ ಇನ್‌ಹೇಲರ್‌ಗೋಸ್ಕರ ಅದನ್ನು ನಿಲ್ಲಿಸೋದು ಬೇಕಾಗಿಲ್ಲ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಲ್ಯಾಕ್ಟ್‌ಮೆಡ್ ಅಂತ ಒಂದು ಮಾಹಿತಿ ಕೋಶ ಇದೆ. ಕಾಸು ಕೊಡಬೇಕಾಗಿಲ್ಲ. ಯಾವ ಔಷಧಿ ಹಾಲಿಗೆ ಎಷ್ಟು ಬರುತ್ತೆ ಅಂತ ಹೆಸರು ಹಾಕಿ ನೋಡಬಹುದು. ಹಾಲು ಬಿಡಿಸಿ ಅನ್ನೋ ಮೊದಲು ಎರಡು ನಿಮಿಷ ಅದನ್ನು ತೆರೆದು ನೋಡೋಕೆ ಆಗೋದಿಲ್ವಾ?

ಹಾಗಂತ ಸಿಕ್ಕಿದ್ದೆಲ್ಲ ನುಂಗಿ ಅಂತ ನಾನು ಹೇಳ್ತಾ ಇಲ್ಲ. ಇನ್‌ಹೇಲರ್‌ಗೆ ಹೆದರುವ ಮನೆಯವರೇ ಚೀಟಿ ಇಲ್ಲದೆ ಬಂದು "ಒಂದು ಶೀತದ ಮಾತ್ರೆ ಕೊಡಿ" ಅಂತಾರೆ. ಯಾರಿಗೆ ಅಂದ್ರೆ ಬಾಣಂತಿಗೆ! ಜಾಸ್ತಿ ಎಚ್ಚರ ಬೇಕಾಗಿರೋದು ಅಲ್ಲಿ. ಆ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರೋದು ಕ್ಲೋರ್‌ಫೆನಿರಮಿನ್. ಅದು ತಾಯಿಗೆ ತೂಕಡಿಕೆ ತರುತ್ತೆ, ಜಾಸ್ತಿ ದಿನ ಜಾಸ್ತಿ ತಗೊಂಡರೆ ಮಗುವಿಗೂ ಮಂಪರು ಬರಬಹುದು. ಮೂಗು ಕಟ್ಟಿದ್ದಕ್ಕೆ ಕೊಡುವ ಸೂಡೊಎಫೆಡ್ರಿನ್ ಹಾಲನ್ನೇ ಕಡಿಮೆ ಮಾಡುತ್ತೆ. ಒಂದು ಚಿಕ್ಕ ಅಧ್ಯಯನದಲ್ಲಿ 60 ಮಿಲಿಗ್ರಾಂನ ಒಂದೇ ಡೋಸ್‌ಗೆ ಆ ದಿನದ ಹಾಲು ಸರಾಸರಿ 24 ಪರ್ಸೆಂಟ್ ಇಳಿದಿತ್ತು. ಸೀನು, ತುರಿಕೆಗೆ ಸೆಟಿರಿಜಿನ್, ಲೊರಾಟಡಿನ್ ಇದಕ್ಕಿಂತ ವಾಸಿ. ಮೂಗಿಗೆ ಹೊಡೆಯುವ ಫ್ಲುಟಿಕಾಸೋನ್ ಸ್ಪ್ರೇ ಇನ್ನೂ ವಾಸಿ. ಥಿಯೋಫಿಲಿನ್ ಇರುವ ಹಳೇ ಉಬ್ಬಸದ ಮಾತ್ರೆಯಿಂದ ಕೆಲವು ಕೂಸುಗಳು ಕಿರಿಕಿರಿ ಮಾಡಿ ನಿದ್ದೆ ಬಿಡುತ್ತವೆ.

ಉಬ್ಬಸ, ಅಲರ್ಜಿಗೆ ಕೊಡುವ ಮಾಂಟೆಲುಕಾಸ್ಟ್ ಮಾತ್ರೆ ಹಾಲಿಗೆ ಬರೋದು ತುಂಬಾ ಕಮ್ಮಿ. ಆದರೆ ಅದು ಕೆಲವರ ಮನಸ್ಸನ್ನು ಕುಗ್ಗಿಸಬಹುದು, ನಿದ್ದೆ ಕೆಡಿಸಬಹುದು ಅಂತ 2020ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗಟ್ಟಿಯಾಗಿಯೇ ಎಚ್ಚರಿಸಿದೆ. ಹೆರಿಗೆ ಆಗಿ ಮೊದಲೇ ಮನಸ್ಸು ಹಣ್ಣಾಗಿರುವವಳು ಸುಮ್ನೆ ಅಳ್ತಾ ಕೂತರೆ "ಬಾಣಂತಿಯರಿಗೆ ಹಾಗೇ" ಅಂತ ಬಿಡಬೇಡಿ, ಡಾಕ್ಟರಿಗೆ ಹೇಳಿ.

ಆಟಿ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಮದ್ದು ಸೊಪ್ಪಿನ ಪಾಯಸ ನಾನೂ ಮಾಡಿದೆ, ನಾನೂ ತಿಂದೆ. ನನಗೆ ಅದು ಬಹಳ ಇಷ್ಟ. ಆ ಸೊಪ್ಪಿನಲ್ಲಿ ಔಷಧಿ ಇದೆ ಅಂತಲೇ ನಾವು ತಿನ್ನೋದು, ಮೂತ್ರದ ಬಣ್ಣ ಬದಲಾಗೋದನ್ನು ಕಣ್ಣಾರೆ ನೋಡ್ತೀವಿ. ಅದು ಹಾಲಿಗೆ ಇಳಿಯುತ್ತಾ ಅಂತ ಒಂದು ಮನೆಯಲ್ಲೂ ಪ್ರಶ್ನೆ ಬರೋದಿಲ್ಲ. ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ ಬೇರೆ. ತಾಯಿ ಹಾಲೇ ಅಮೃತ ಅಂತ ಪೋಸ್ಟರ್ ಅಂಟಿಸಿದರೆ ಸಾಕಾ? ಆ ತಾಯಿಗೆ ಉಬ್ಬಸ ಇದ್ದರೆ ಏನು ಮಾಡಬೇಕು ಅಂತ ಪೋಸ್ಟರಿನ ಮೂಲೆಯಲ್ಲಿ ಒಂದು ಸಾಲು ಬರೆಯಬಹುದಲ್ವಾ?

ಹೆಂಡತಿಯೋ ಮಗಳೋ ಸೊಸೆಯೋ ಬಾಣಂತಿ ಆಗಿದ್ದು ಉಬ್ಬಸ, ಅಲರ್ಜಿ ಇದ್ದರೆ, ಡಾಕ್ಟರ ಹತ್ತಿರ ಹೋದ ತಕ್ಷಣ "ಹಾಲು ಕೊಡ್ತಾ ಇದ್ದಾಳೆ" ಅಂತ ಹೇಳಿ. ಮೆಡಿಕಲ್‌ನಲ್ಲೂ ಹೇಳಿ. ಮಗು ಅವಧಿಗೆ ಮೊದಲೇ ಹುಟ್ಟಿದ್ದರೆ ಅದನ್ನೂ ಹೇಳಿ. ಡೋಸ್ ಎಷ್ಟು ಅನ್ನೋದನ್ನು ಅವರೇ ಹೇಳಬೇಕು, ನನ್ನ ಪೋಸ್ಟ್ ನೋಡಿ ಹೆಚ್ಚುಕಡಿಮೆ ಮಾಡಬೇಡಿ. ಬರೆದುಕೊಟ್ಟ ಇನ್‌ಹೇಲರ್ ಮೇಲೆ ಅನುಮಾನ ಬಂದರೆ ನಿಲ್ಲಿಸೋ ಮೊದಲು ಫೋನ್ ಮಾಡಿ ಕೇಳಿ. ಸಾಂಬ್ರಾಣಿ ಕೆಂಡವನ್ನು ಇವತ್ತೇ ಆ ಕೋಣೆಯಿಂದ ಹೊರಗಿಡಿ. ಅದಕ್ಕೆ ಯಾರ ಚೀಟಿಯೂ ಬೇಕಾಗಿಲ್ಲ.