ಒಣ ಬಿಸ್ಲಂತೆ, ಒಣ ಬಿಸ್ಲು!

ಅಮೆರಿಕದ ಅರಿಜೋನಾದಲ್ಲಿರೋ ಸನ್ ಸಿಟಿಗೆ ಬಂದು ರಿಟೈರ್ಡ್ ಲೈಫ್ ಶುರು ಮಾಡಿ ಎರಡು ವರ್ಷ ಆಯ್ತು, 1960ರಿಂದ ರಿಟೈರ್ ಆದೋರಿಗೇ ಅಂತ ಇರೋ ಊರು, ಮನೇಲಿ ಒಬ್ರಿಗಾದ್ರೂ 55 ತುಂಬಿರ್ಬೇಕು, ಗಲಾಟೆ ಇಲ್ಲ, ಎಲ್ಲಾ ಸರಿ. ಆದ್ರೆ "ಒಣ ಬಿಸ್ಲು ಕಣ್ರೀ, ಗೊತ್ತೇ ಆಗಲ್ಲ" ಅಂತಾರಲ್ಲ, ಅವ್ರನ್ನ ಜುಲೈ ಮಧ್ಯಾಹ್ನ ಪಾರ್ಕಿಂಗ್ ಲಾಟಲ್ಲಿ ನಿಲ್ಲಿಸ್ಬೇಕು! 45 ಡಿಗ್ರಿ. ಒಲೇದೂ ಒಣ ಬಿಸೀನೇ ಅಲ್ವಾ? ಸೀಟ್ ಬೆಲ್ಟ್ ಕೊಂಡಿ ಮುಟ್ಟಿದ್ರೆ ಕಾದ ಕಾವಲಿ ಮುಟ್ಟಿದಂಗೆ ಚುರ್ ಅನ್ನತ್ತೆ, ತಣ್ಣೀರ್ ನಲ್ಲಿ ತಿರುಗಿಸಿದ್ರೆ ಬರೋದು ಬಿಸಿನೀರು, ಪೈಪೆಲ್ಲಾ ಕಾದಿರತ್ತೆ, ಗೀಸರ್ ಯಾಕೆ ಹಾಕ್ಸಿದೀವೋ ದೇವ್ರಿಗೇ ಗೊತ್ತು. ಚಳಿಗಾಲ ಚೆನ್ನಾಗಿರತ್ತಪ್ಪಾ ಅಂದ್ರೆ ಆಗ ಕೆನಡಾ, ಮಿನೆಸೋಟಾದಂಥ ಕೊರೆಯೋ ಚಳಿ ಕಡೆಯೋರೆಲ್ಲ ವಲಸೆ ಹಕ್ಕಿ ಥರ ಬಂದಿಳೀತಾರೆ, ಕ್ಲಿನಿಕ್ಕಲ್ಲಿ ಅಪಾಯಿಂಟ್‌ಮೆಂಟ್ ಸಿಗಲ್ಲ, ರೋಡಲ್ಲಿ ಮುಂದೊಂದು ಗಾಲ್ಫ್ ಕಾರ್ಟು, ಅದರ ಹಿಂದೆ ತೆವಳ್ಕೊಂಡು ನಾನು. ಮೊಮ್ಮಗಳು ಬಂದ್ರೂ ವರ್ಷಕ್ಕೆ 90 ದಿನ ಅಷ್ಟೇ ಇರ್ಬೋದು, ರೂಲ್ಸು (ಅವ್ಳು ನಾಲ್ಕನೇ ದಿನಕ್ಕೇ ಬೋರು ಅಂತಾಳೆ, ಅದು ಬೇರೆ ವಿಷ್ಯ). ಇದ್ರ ಮಧ್ಯೆ ಏಪ್ರಿಲ್ ಬಂತಂದ್ರೆ ಬೆಂಗಳೂರಿಂದ ತಂಗಿ ಫೋನು, "ಅಣ್ಣಾ, 34 ಡಿಗ್ರಿ ಕಣೋ, ಬೆಂದೋಗ್ತಿದೀವಿ". ಏನ್ ಹೇಳ್ಲಿ ಅವ್ಳಿಗೆ!